ಯಾರಿಗೆಂದು ಕೇಳದ ಊಟ

"ತಪ್ಪು ತಿಳ್ಕೋಬೇಡಿ," ಎಂದ ಬಾಗಿಲಲ್ಲಿ ನಿಂತಿದ್ದ ಮನುಷ್ಯ. "ನಿಮ್ಮ ಮದುವೆ ಆಗಬಾರದು ಅಂತ ನೀವೇ ಯಾಕೆ ದುಡ್ಡು ಕೊಟ್ರಿ? ಅದನ್ನ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಲೋರ್ನಾ ಬೀಲ್ ಆಗಷ್ಟೇ ಶಾಲೆಯ ಬಸ್ಸನ್ನು ಶೆಡ್ಡಿಗೆ ಬಿಟ್ಟು ಮನೆಗೆ ಬಂದಿದ್ದಳು. ಒಂದು ಬೂಟು ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿ. ಆ ಅಕ್ಟೋಬರಿನಲ್ಲಿ ಮತ ಕೇಳುವವರು ದಿನ ಬೆಳಗಾದರೆ ಬಾಗಿಲು ಬಡಿಯುತ್ತಿದ್ದರು. ಇವನೂ ಅಂಥವನೇ ಇರಬೇಕೆಂದು ಅವಳು ಬಾಗಿಲನ್ನು ಅರ್ಧ ಮಾತ್ರ ತೆರೆದಿದ್ದಳು.

"ಯಾರ ಮನೆ ಬೇಕಿತ್ತು ನಿಮಗೆ?"

"ಲೋರ್ನಾ ಬೀಲ್ ಅವರದ್ದು. ಪಾಟರ್ಸ್ ಕೋವ್, ದಕ್ಕೆ ರಸ್ತೆ. ನೀವೇ ಅಲ್ವಾ?"

ಅವನ ಹೆಸರು ಕಾರ್ವಿನ್. ಪೋರ್ಟ್‌ಲ್ಯಾಂಡಿನವನು. ಈ ಕಡಲಗಾಳಿಗೆ ಏನೇನೂ ಸಾಲದ ತೆಳ್ಳನೆಯ ಕೋಟು ಹಾಕಿಕೊಂಡು ನಡುಗುತ್ತಿದ್ದ. ಮೇ ತಿಂಗಳಲ್ಲಿ ಮೇನ್ ರಾಜ್ಯದ ಶಾಸನಸಭೆ ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾಗಬಹುದು ಎಂದು ಕಾನೂನು ಮಾಡಿತ್ತು. ಅದು ಜಾರಿಗೆ ಬರುವ ಮೊದಲೇ ಬೇಡವೆನ್ನುವವರು ಸಹಿ ಕೂಡಿಸಿ ನವೆಂಬರಿನಲ್ಲಿ ಮತಕ್ಕೆ ಹಾಕಿಸಿದ್ದರು. ಆ ಬೇಡವೆನ್ನುವವರ ಕಡೆಗೆ ದುಡ್ಡು ಎಲ್ಲಿಂದ ಬರುತ್ತಿದೆ, ಕೊಟ್ಟವರ ಹೆಸರು ಸರಿಯಾಗಿ ಹೇಳುತ್ತಿದ್ದಾರೋ ಇಲ್ಲವೋ ಎಂದು ನೋಡುವುದೇ ಕಾರ್ವಿನ್ ಮತ್ತವನ ಗೆಳೆಯರ ಕೆಲಸ. ಯಾವ ಹೆಸರಿನ ಮೇಲೆ ಅನುಮಾನ ಬಂದರೂ ಆ ಮನೆಗೇ ಹೋಗಿ ಬಾಗಿಲು ತಟ್ಟುತ್ತಿದ್ದರು.

"ನಾನು ಯಾರಿಗೂ ಒಂದು ಕಾಸೂ ಕೊಟ್ಟಿಲ್ಲ," ಎಂದಳು ಲೋರ್ನಾ.

"ಸರ್ಕಾರಕ್ಕೆ ಅವರು ಕೊಟ್ಟಿರೋ ಲೆಕ್ಕದಲ್ಲಿ ನೂರಿಪ್ಪತ್ತು ಡಾಲರ್ ಅಂತ ಇದೆ. ನಿಮ್ಮ ಹೆಸರಿನ ಕೆಳಗೇ ಫ್ರೀಡಾ ಕೋಲ್ಮನ್ ಅಂತ ಇನ್ನೊಬ್ಬರು. ಅವರದ್ದೂ ಇದೇ ವಿಳಾಸ, ಅವರದ್ದೂ ನೂರಿಪ್ಪತ್ತು."

ಒಳಗಿನಿಂದ ಫ್ರೀಡಾ ಬಂದಳು. ಶಾಲು ಹೊದ್ದು, ಗೋಡೆ ಹಿಡಿದು, ನಿಧಾನಕ್ಕೆ. ಔಷಧಿಗೆ ಉದುರಿಹೋದ ಕೂದಲು ಮತ್ತೆ ಮೊಳೆತು ತಲೆಯ ಮೇಲೆ ಹಕ್ಕಿಮರಿಯ ಪುಕ್ಕದಂತೆ ನಿಂತಿತ್ತು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೊದಲು ನಕ್ಕಳು, ಆ ನಗು ಕೆಮ್ಮಾಗಿ ಬಾಗಿಲಿನ ಚೌಕಟ್ಟು ಹಿಡಿದು ನಿಲ್ಲಬೇಕಾಯಿತು.

"ಇಪ್ಪತ್ತಾರು ವರ್ಷ ಕಣೇ ಲೋರ್ನಾ," ಎಂದಳು. "ಸರ್ಕಾರದ ಕಾಗದದಲ್ಲಿ ನಮ್ಮಿಬ್ಬರ ಹೆಸರು ಒಟ್ಟಿಗೆ ಬಂದಿರೋದು ಇದೇ ಮೊದಲು. ಎಂಥಾದ್ರಲ್ಲಿ ಬಂತು ನೋಡು."

ಕಾರ್ವಿನ್ ನಗಲಿಲ್ಲ. ಊರಿನ ಉಳಿದ ಹೆಸರುಗಳನ್ನೂ ಓದಿದ. ಎಲ್ಲರದ್ದೂ ಅದೇ ಮೊತ್ತ, ಎಲ್ಲರದ್ದೂ ಅದೇ ದಿನ. ಕೊನೆಯ ಹೆಸರಿಗೆ ಬರುವ ಹೊತ್ತಿಗೆ ಲೋರ್ನಾ ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟಿದ್ದಳು. ಸೆಪ್ಟೆಂಬರಿನ ಬೀನ್ಸ್ ಊಟಕ್ಕೆ ಚರ್ಚಿನ ಹಿತ್ತಲಲ್ಲಿ ಗುಂಡಿಯ ಸುತ್ತ ನಿಂತಿದ್ದವರು ಇವರೇ. ಒಬ್ಬರು ಹೆಚ್ಚಿಲ್ಲ, ಒಬ್ಬರು ಕಡಿಮೆಯಿಲ್ಲ.

ಬೀನ್ಸ್ ಊಟ ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಹಿಂದಿನ ದಿನ ಗುಂಡಿಯಲ್ಲಿ ಮೇಪಲ್ ಕಟ್ಟಿಗೆ ಉರಿಸಿ ಕೆಂಡ ಮಾಡಬೇಕು. ನೆನೆದ ಕಾಳಿಗೆ ಕಾಕಂಬಿ, ಸಾಸಿವೆ, ಈರುಳ್ಳಿ, ಉಪ್ಪು ಹಚ್ಚಿಟ್ಟ ಹಂದಿಮಾಂಸ ಹಾಕಿ, ಕಬ್ಬಿಣದ ಹಂಡೆಯನ್ನು ಕೆಂಡದಲ್ಲಿಳಿಸಿ ಮೇಲೆ ಮಣ್ಣು ಮುಚ್ಚಬೇಕು. ಮಾರನೆಯ ಸಂಜೆ ಬಗೆದು ತೆಗೆದರೆ ಆ ವಾಸನೆಗೆ ಮುನಿಸಿಕೊಂಡ ಅಣ್ಣತಮ್ಮಂದಿರೂ ಒಂದೇ ಮೇಜಿಗೆ ಬಂದು ಕೂರುತ್ತಾರೆ. ತಲೆಗೆ ಒಂಬತ್ತು ಡಾಲರ್. ಬಂದ ದುಡ್ಡು ಊರಿನಲ್ಲಿ ಯಾರಿಗೆ ಕಷ್ಟವೋ ಅವರಿಗೆ. ಯಾರಿಗೆ ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ದೋಣಿ ಒಡೆದವನ ಅಂಗಳದಲ್ಲಿ ಒಂದು ಬೆಳಗ್ಗೆ ಹೊಸ ಹಗ್ಗದ ಸುರುಳಿ ಬಿದ್ದಿರುತ್ತದೆ. ಗಂಡ ಸತ್ತವಳ ಅಂಗಡಿ ಸಾಲ ತೀರಿಹೋಗಿರುತ್ತದೆ. ತೆಗೆದುಕೊಂಡವರು ಮುಂದಿನ ಊಟಕ್ಕೆ ಬಂದು ಎಲ್ಲರಂತೆ ತಾವೂ ಒಂಬತ್ತು ಡಾಲರ್ ಕೊಟ್ಟು ಉಣ್ಣುತ್ತಾರೆ.

ಫ್ರೀಡಾ ನ್ಯೂಜೆರ್ಸಿಯಿಂದ ಇಲ್ಲಿಯ ಲೈಬ್ರರಿಗೆಂದು ಬಂದ ಮೊದಲ ವರ್ಷ ಇಂಥದ್ದೇ ಊಟದಲ್ಲಿ ತಟ್ಟೆ ಹಿಡಿದು ದೊಡ್ಡ ದನಿಯಲ್ಲಿ, "ಇದು ಯಾರ ಸಹಾಯಕ್ಕೆ?" ಎಂದು ಕೇಳಿದ್ದಳು. ಇಡೀ ಊಟದ ಹಾಲ್ ಗಪ್‌ಚುಪ್. ಚಮಚದ ಸದ್ದೂ ನಿಂತಿತ್ತು. ಇವತ್ತಿಗೂ ಊರವರು ಅವಳನ್ನು ಕಂಡರೆ, "ಏನಮ್ಮ, ಇವತ್ತಿನ ಊಟ ಯಾರಿಗೆ?" ಎಂದು ಕಾಲೆಳೆಯುತ್ತಾರೆ. ಹೊರಗಿನವಳು ಎಂದರೆ ಹೊರಗಿನವಳೇ. ನಮ್ಮೂರಲ್ಲಿ ಇಪ್ಪತ್ತಾರು ವರ್ಷ ಏನೂ ಅಲ್ಲ.

ಹಾಗಾಗಿ ಸೆಪ್ಟೆಂಬರಿನಲ್ಲಿ ಐಡೆಲ್ಲಾ ಅತ್ತೆ ಫೋನು ಮಾಡಿ "ಹಂಡೆ ತಗೊಂಡು ಬಾರೇ" ಎಂದಾಗ ಲೋರ್ನಾ ಯಾಕೆ, ಯಾರಿಗೆ ಎಂದು ಕೇಳಿರಲಿಲ್ಲ. ಕೇಳಿದ್ದರೆ ಅತ್ತೆ ಹೇಳುತ್ತಿದ್ದಳೋ ಏನೋ.

* * *

ಐಡೆಲ್ಲಾ ಲೋರ್ನಾಳ ಅಪ್ಪನ ತಂಗಿ. ತಾಯಿ ಸತ್ತ ಮೇಲೆ ಲೋರ್ನಾಳಿಗೆ ಜಡೆ ಹೆಣೆದವಳು, ಮೊದಲ ಸಲ ಮುಟ್ಟಾದಾಗ ಹೇಳಿಕೊಟ್ಟವಳು, ಬಸ್ಸಿನ ಲೈಸೆನ್ಸಿಗೆ ಪಕ್ಕದಲ್ಲಿ ಕೂತು ಕಲಿಸಿದವಳು ಎಲ್ಲ ಅವಳೇ. ಎಂಬತ್ತರ ಹತ್ತಿರವಾದರೂ ಬೀನ್ಸ್ ಊಟ ಅವಳು ಹೇಳಿದಂತೆಯೇ ನಡೆಯಬೇಕು. ಮಾರನೆಯ ದಿನ ಲೋರ್ನಾ ವಿಚಾರಿಸಲು ಹೋದಾಗ ಅವಳು ಅಡಿಗೆಮನೆಯಲ್ಲಿ ಸೇಬಿನ ಸಿಪ್ಪೆ ತೆಗೆಯುತ್ತಿದ್ದಳು. ಮೇಜಿನ ಮೇಲೆ ಫ್ರೀಡಾಳ ಪೈ ತಟ್ಟೆ ಇತ್ತು, ಅದರಲ್ಲಿ ನಾಲ್ಕು ಕಂದು ಮೊಟ್ಟೆ.

"ಒಳ್ಳೇ ಹೊತ್ತಿಗೆ ಬಂದೆ. ಅವಳ ತಟ್ಟೆ ತಗೊಂಡು ಹೋಗು. ಬರಿದೇ ಕಳಿಸಬಾರದು ಅಂತ ಕೋಳಿ ಮೊಟ್ಟೆ ಇಡೋದನ್ನೇ ಕಾಯ್ತಿದ್ದೆ."

"ಅತ್ತೆ, ಸೆಪ್ಟೆಂಬರಿನ ಊಟದ ದುಡ್ಡು ಎಲ್ಲಿಗೆ ಹೋಯ್ತು?"

ಐಡೆಲ್ಲಾಳ ಕೈಯ ಚಾಕು ನಿಂತಿತು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಸುಳ್ಳು ಹೇಳಿದ್ದರೆ ಲೋರ್ನಾಳಿಗೆ ಅವತ್ತು ಎಷ್ಟೋ ಹಗುರಾಗುತ್ತಿತ್ತು.

"ಪಾದ್ರಿಗಳು ಕೇಳಿದ್ರು," ಎಂದಳು. "ಈ ವರ್ಷ ಮದುವೆಗೇ ಕಷ್ಟ ಬಂದಿದೆ, ಇದೊಂದು ಸಲ ಅದಕ್ಕೆ ಕೊಡೋಣ ಅಂದ್ರು. ಕೊಟ್ಟೆ."

"ನಮ್ಮ ಹೆಸರಲ್ಲಿ?"

"ಚರ್ಚಿನ ಹೆಸರಲ್ಲಾದ್ರೆ ನೂರೆಂಟು ತಾಪತ್ರಯವಂತೆ. ಜನರ ಹೆಸರಾದ್ರೆ ಸುಲಭ, ಹೆಸರು ಕೊಡಿ ಅಂದ್ರು. ನಾನು ಯಾರದ್ದು ಕೊಡಲಿ? ದುಡಿದವರದ್ದು ಕೊಟ್ಟೆ. ಸಮ ಪಾಲು ಮಾಡಿ."

"ನಮ್ಮಿಬ್ಬರದ್ದೂ!"

"ಬಿಟ್ಟುಬಿಡಬೇಕಿತ್ತಾ?" ಐಡೆಲ್ಲಾ ನಿಜವಾಗಿಯೂ ಬೆರಗಾಗಿ ಕೇಳಿದಳು. "ನಿಮ್ಮಿಬ್ಬರದ್ದು ಬಿಟ್ಟು ಬೇರೆಯವರದ್ದು ಬರೆಸಿದ್ರೆ ನೀವು ದುಡಿದೇ ಇಲ್ಲ ಅಂದಂಗೆ ಆಗ್ತಿರಲಿಲ್ವೇನೇ? ಅಷ್ಟೂ ಕಾಳು ಆರಿಸಿದ್ದು ಫ್ರೀಡಾ. ಆ ಕೈಯಲ್ಲಿ, ಆ ನೋವಲ್ಲಿ. ನಾನು ಕಣ್ಣಾರೆ ನೋಡಿದ್ದೀನಿ. ಅವಳ ಹೆಸರು ಹೆಂಗೆ ಬಿಡಲಿ?"

ಲೋರ್ನಾಳಿಗೆ ಅತ್ತೆಯನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅಳಬೇಕು ಅಂತಲೂ ಅನ್ನಿಸಿತು. ಕಳೆದ ಚಳಿಗಾಲ ಬ್ಯಾಂಗೊರಿನ ಆಸ್ಪತ್ರೆಯಲ್ಲಿ ನರ್ಸು ಬಾಗಿಲಿಗೆ ಅಡ್ಡ ನಿಂತು, "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದಾಗ ಲೋರ್ನಾ ತಡವರಿಸಿದ್ದಳು. ಹಿಂದೆಯೇ ಇದ್ದ ಐಡೆಲ್ಲಾ ಅತ್ತೆ, "ಇಬ್ಬರೂ ನನ್ನ ಸೊಸೆಯಂದಿರೇ ಕಣಮ್ಮ, ದಾರಿ ಬಿಡು" ಎಂದು ನರ್ಸನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದ್ದಳು. ಫ್ರೀಡಾ ವಾಂತಿ ಮಾಡುವಾಗ ಬೋಗುಣಿ ಹಿಡಿದು ಕೂತವಳು ಇವಳೇ.

"ಅತ್ತೆ, ನಾವು ಹೆಂಗಿದ್ದೀವಿ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತಿದೆ. ಇಷ್ಟು ವರ್ಷ ಒಂದು ಮಾತು ಅಂದಿದ್ದೀನಾ?"

"ಅಂದಿಲ್ಲ."

"ಮತ್ತೆ? ಇರ್ರಿ, ಚೆನ್ನಾಗಿರ್ರಿ. ನಾನು ಅಡ್ಡ ಬಂದಿಲ್ಲ. ಆದ್ರೆ ಮದುವೆ ಅನ್ನೋದು ದೇವರ ಮುಂದೆ ಆಗೋದು. ಅದು ಬೇರೆ, ನೀವು ಬೇರೆ. ಕೊಡೋವಾಗ ನಿಮ್ಮಿಬ್ಬರ ನೆನಪೇ ಬರಲಿಲ್ಲ ನನಗೆ, ಆಣೆ."

ಅದೇ ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಲೋರ್ನಾ ಮೊಟ್ಟೆಯ ತಟ್ಟೆ ಎತ್ತಿಕೊಂಡು ಎದ್ದಳು. ಬಾಗಿಲವರೆಗೆ ಬಂದ ಅತ್ತೆ ಅವಳ ತೋಳು ಹಿಡಿದಳು.

"ಆ ಪೋರ್ಟ್‌ಲ್ಯಾಂಡಿನವನು ಬಂದಿದ್ನಂತೆ. ಊರೆಲ್ಲ ಹೇಳ್ತಿದೆ. ಕೇಳಿದ್ರೆ ಹೌದು ನಾನೇ ಕೊಟ್ಟೆ ಅಂದುಬಿಡು. ಕಾಳು ಕೊಟ್ಟೆಯಲ್ಲ, ಅದೇನು ಸುಳ್ಳಲ್ಲ. ಇಲ್ಲ ಅಂದ್ರೆ ಪಾದ್ರಿಗಳನ್ನ, ನನ್ನನ್ನ ಆಗಸ್ಟಾಕ್ಕೆ ಕರೆಸಿ ನಿಲ್ಲಿಸ್ತಾರೆ. ಈ ವಯಸ್ಸಲ್ಲಿ ನನ್ನನ್ನ ಕಳ್ಳಿ ಮಾಡ್ತೀಯೇನೇ?"

* * *

ಬೇರೆಯವರ ಹೆಸರಿನಲ್ಲಿ ದುಡ್ಡು ಕೊಡುವುದು ಅಪರಾಧ, ಅದನ್ನು ವಿಚಾರಿಸಲೆಂದೇ ರಾಜಧಾನಿ ಆಗಸ್ಟಾದಲ್ಲಿ ಒಂದು ಆಯೋಗವಿದೆ ಎಂದು ಮತ್ತೆ ಮನೆಗೆ ಬಂದ ಕಾರ್ವಿನ್ ವಿವರಿಸಿದ. ಉಳಿದ ಅಡಿಗೆಯವರೆಲ್ಲ ಕಾರ್ವಿನ್ ಮುಖಕ್ಕೇ "ಹೌದು, ನಾವೇ ಕೊಟ್ಟಿದ್ದು" ಎಂದು ಬಾಗಿಲು ಹಾಕಿಕೊಂಡಿದ್ದರು. ಉಳಿದದ್ದು ಇವರಿಬ್ಬರೇ. ಪ್ರಮಾಣ ಮಾಡಿ ಹೇಳಿದರೆ ದೂರು ನಿಲ್ಲುತ್ತದೆ, ಇಲ್ಲದಿದ್ದರೆ ಬಿತ್ತು.

"ನಮ್ಮ ಹೆಸರು ಮಾತ್ರ ಸುಮ್ಮನೆ ತೆಗೆಸೋಕೆ ಆಗಲ್ವಾ?" ಎಂದು ಲೋರ್ನಾ ಕೇಳಿದಳು. "ಗಲಾಟೆ ಇಲ್ದಂಗೆ?"

"ಯಾಕೆ ತೆಗೀಬೇಕು ಅಂತ ಕೇಳ್ತಾರಲ್ಲ ಮೇಡಂ. ನೀವು ಕೊಟ್ಟಿಲ್ಲ ಅಂದ್ರೆ ಮತ್ಯಾರು ಕೊಟ್ರು ಅಂತ ಬಂದೇ ಬರುತ್ತೆ."

ಅವನು ಒಳ್ಳೆಯವನೇ. ಆದರೆ ಅವನಿಗೆ ನವೆಂಬರ್ ಮೂರರ ಅವಸರ. ಮತದಾನಕ್ಕೆ ಮೊದಲೇ ವಿಚಾರಣೆಯಾದರೆ ಪೇಪರಿನಲ್ಲಿ ಬರುತ್ತದೆ, ಜನರಿಗೆ ಗೊತ್ತಾಗುತ್ತದೆ ಎಂದು ಅವನ ಆಸೆ. ಲೋರ್ನಾಳ ಅತ್ತೆ ಅವನಿಗೆ ಸರಪಳಿಯ ಒಂದು ಕೊಂಡಿ ಅಷ್ಟೆ.

ಅವನು ಹೋದ ಮೇಲೆ ಲೋರ್ನಾ ಸ್ಟೋವಿಗೆ ಕಟ್ಟಿಗೆ ಹಾಕುತ್ತ ಅಲ್ಲೇ ಕೂತಳು. ಫ್ರೀಡಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಬೇಸಿಗೆಯಲ್ಲಿ ಡಾಕ್ಟರು ಹೇಳಿದ್ದನ್ನು ಇಬ್ಬರೂ ಒಮ್ಮೆ ಕೇಳಿ ಮತ್ತೆ ಬಾಯಿ ಬಿಟ್ಟಿರಲಿಲ್ಲ. ಕಾನೂನು ಉಳಿದರೆ ಮರುದಿನವೇ ಮದುವೆ ಬರೆಸಲು ಟೌನ್ ಆಫೀಸಿಗೆ ಹೋಗುವುದು ಎಂದು ಮಾತ್ರ ನಿಶ್ಚಯವಾಗಿತ್ತು. ಅವತ್ತಿಗೆಂದೇ ಫ್ರೀಡಾ ನೀಲಿ ಸ್ವೆಟರನ್ನು ತೊಳೆಸಿ ಇಡಿಸಿಕೊಂಡಿದ್ದಳು.

"ಅತ್ತೇನ ನೋಡು ನೀನು," ಎಂದಳು ಲೋರ್ನಾ. "ನಿನಗೆ ಅಷ್ಟು ಮಾಡಿದಳು. ಅವಳನ್ನ ಹೆಂಗೆ ಎಳೆದು ನಿಲ್ಲಿಸಲಿ?"

"ನನಗೂ ಗೊತ್ತು. ಬೋಗುಣಿ ಹಿಡಿದಿದ್ದು ನಾನು ಮರೆತಿಲ್ಲ."

"ಮತ್ತೆ?"

ಫ್ರೀಡಾ ಸ್ವಲ್ಪ ಹೊತ್ತು ಉಸಿರು ಸರಿಮಾಡಿಕೊಂಡಳು. "ನಾನು ಲೈಬ್ರರಿಯವಳು ಕಣೇ. ಕಾಗದ ಎಷ್ಟು ದಿನ ಬಾಳುತ್ತೆ ಅಂತ ನನಗೆ ಗೊತ್ತು. ನಾನು ಹೋದ್ಮೇಲೆ ನನ್ನದು ಅಂತ ಈ ಊರಲ್ಲಿ ಏನುಳಿಯುತ್ತೆ? ಮನೆ ನಿನ್ನ ಹೆಸರಲ್ಲಿದೆ. ಮಕ್ಕಳಿಲ್ಲ. ಯಾವತ್ತೋ ಯಾರೋ ಹುಡುಕಿದ್ರೆ ನನ್ನ ಹೆಸರು ಅದೊಂದ್ರಲ್ಲೇ ಸಿಗುತ್ತೆ. ಫ್ರೀಡಾ ಕೋಲ್ಮನ್, ಮದುವೆ ಬೇಡ ಅಂತ ದುಡ್ಡು ಕೊಟ್ಟವಳು. ಮದುವೆ ಆಗ್ದೇ ಸತ್ರೆ ಸಾಯ್ತೀನಿ. ಅದು ಬೇಡ ಅಂದವಳಾಗಿ ಸಾಯೋಕೆ ನನಗೆ ಇಷ್ಟ ಇಲ್ಲ."

ಅವಳು ಇಷ್ಟು ವರ್ಷಗಳಲ್ಲಿ ಲೋರ್ನಾಳನ್ನು ಏನನ್ನೂ ಹೀಗೆ ಕೇಳಿರಲಿಲ್ಲ. ಲೋರ್ನಾ ಮಾರನೆಯ ದಿನ ಶಾಲೆಯ ಮಕ್ಕಳನ್ನು ಇಳಿಸಿ ಬಂದು ಕಾರ್ವಿನ್‌ಗೆ ಫೋನು ಮಾಡಿದಳು.

ಆಯೋಗ ದೂರು ತೆಗೆದುಕೊಂಡಿತು. ಆದರೆ ವಿಚಾರಣೆಯ ದಿನವನ್ನು ಮತದಾನ ಕಳೆದ ಮೇಲಕ್ಕೆ ಇಟ್ಟಿತು. ಕಾರ್ವಿನ್ ಫೋನಿನಲ್ಲಿ ಬೈದಾಡಿದ. ಆ ದಿನದಿಂದಲೇ ಊರು ಮಗುಚಿಕೊಂಡಿತು. ಪೆಟ್ರೋಲು ಬಂಕಿನ ಥರ್ಲೋ ಲೋರ್ನಾಳ ಕಾಫಿಯನ್ನು ಅವಳ ಕೈಗೆ ಕೊಡದೆ ಕೌಂಟರಿನ ಮೇಲೆ ಕುಕ್ಕಿ, "ಸ್ವಂತ ಅತ್ತೆ ಮೇಲೆ ಕೋರ್ಟಿಗೆ ಹೋದೋರು ಕಾಫಿಗೂ ರಸೀದಿ ಕೇಳ್ತಾರೋ ಏನೋ" ಎಂದ. ಪಕ್ಕದಲ್ಲಿದ್ದವರು ನಕ್ಕರು.

"ರಸೀದಿ ಬೇಡ," ಎಂದಳು ಲೋರ್ನಾ. "ಇದನ್ನ ಯಾರ ಹೆಸರಲ್ಲಿ ಬರ್ಕೊಳ್ತೀಯ, ಅಷ್ಟು ಹೇಳು."

ನಗು ನಿಂತಿತು. ಆದರೆ ಅಂಥ ಮಾತಿನಿಂದ ಯಾರ ಹೊಟ್ಟೆಯೂ ತಣ್ಣಗಾಗುವುದಿಲ್ಲ. ಬಸ್ಸಿನಲ್ಲಿ ಕೂತು ಅವಳು ಆ ಕಾಫಿಯನ್ನು ಕಿಟಕಿಯಿಂದ ಚೆಲ್ಲಿದಳು.

ನವೆಂಬರ್ ಮೂರರಂದು ಪಾಟರ್ಸ್ ಕೋವಿನವರು ಅಗ್ನಿಶಾಮಕದವರ ಶೆಡ್ಡಿನಲ್ಲಿ ಸಾಲಾಗಿ ನಿಂತು ಮತ ಹಾಕಿದರು. ಕಾನೂನು ಬಿದ್ದುಹೋಯಿತು. ಮರುದಿನ ಬೆಳಗ್ಗೆ ರೇಡಿಯೋ ಹಾಕಲು ಹೋದ ಲೋರ್ನಾಳನ್ನು ಫ್ರೀಡಾ ಬೇಡವೆಂದು ತಡೆದಳು. ಪಕ್ಕದ ಮನೆಯವರು ಖುಷಿಗೆ ಒತ್ತಿದ ಕಾರಿನ ಹಾರ್ನಿನಿಂದಲೇ ಗೊತ್ತಾಗಿತ್ತು. ನೀಲಿ ಸ್ವೆಟರು ಕುರ್ಚಿಯ ಬೆನ್ನಿನ ಮೇಲಿತ್ತು. ಚಳಿ ಎಂದು ಹೇಳಿ ಫ್ರೀಡಾ ಅದನ್ನೇ ಹಾಕಿಕೊಂಡಳು. ಆಮೇಲೆ ದಿನವೂ ಅದನ್ನೇ ಹಾಕಿಕೊಂಡಳು.

"ಈಗಲೂ ಹೋಗಲೇಬೇಕಾ ಆಗಸ್ಟಾಕ್ಕೆ?" ಎಂದು ಕೇಳಿದಳು ಲೋರ್ನಾ. "ಗೆಲ್ಲೋದು ಇನ್ನೇನೂ ಇಲ್ಲ."

"ಈಗಲೇ ಹೋಗಬೇಕಾಗಿರೋದು," ಎಂದಳು ಫ್ರೀಡಾ.

* * *

ಆಗಸ್ಟಾದ ಆ ಕೋಣೆಯಲ್ಲಿ ಹೀಟರು ಕೆಟ್ಟಿತ್ತು. ಉದ್ದ ಮೇಜಿನ ಹಿಂದೆ ಆಯೋಗದವರು ಕೋಟು ಬಿಚ್ಚದೆ ಕೂತಿದ್ದರು. ಐಡೆಲ್ಲಾ ಚರ್ಚಿಗೆ ಹೋಗುವಾಗ ಹಾಕುವ ಕಪ್ಪು ಟೋಪಿ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪಾದ್ರಿಯ ಪಕ್ಕ ನೆಟ್ಟಗೆ ಕೂತಿದ್ದಳು. ಫ್ರೀಡಾಳಿಗೆ ಅಷ್ಟು ದೂರ ಬರುವ ತ್ರಾಣವಿರಲಿಲ್ಲ. ಅವಳ ಹೇಳಿಕೆಯನ್ನು ಆಯೋಗದವರು ಮೊದಲೇ ಮನೆಗೆ ಬಂದು ಬರೆಸಿಕೊಂಡು ಹೋಗಿದ್ದರು.

ಚರ್ಚಿನ ಕಡೆಯ ವಕೀಲ ಜಾಣ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ ಸ್ವಾಮಿ, ಎಂದ. ಊಟ ಮಾಡಿಸಿದವರು ಇವರು, ಕಾಳು ಇವರದ್ದು, ದುಡಿಮೆ ಇವರದ್ದು. ಬಂದ ದುಡ್ಡೂ ಇವರದ್ದೇ. ಅವರವರ ಪಾಲು ಅವರವರ ಹೆಸರಿನಲ್ಲೇ ಹೋಗಿದೆ. ಈಗ ಇಬ್ಬರು ಮನಸ್ಸು ಬದಲಾಯಿಸಿದರೆ ಅದಕ್ಕೆ ಮುದುಕಿ ಏನು ಮಾಡಬೇಕು?

ಮೇಜಿನ ಹಿಂದಿದ್ದ ಕನ್ನಡಕದ ಹೆಂಗಸು ಲೋರ್ನಾಳ ಕಡೆ ತಿರುಗಿದಳು. "ಆ ದುಡ್ಡು ಅಡಿಗೆ ಮಾಡಿದವರದ್ದು ಅಂತಾರೆ. ಹೌದಾ?"

"ಅಲ್ಲ. ಯಾವತ್ತೂ ನಮ್ಮದಲ್ಲ."

"ಮತ್ತೆ ಯಾರದ್ದು?"

"ಕಷ್ಟದಲ್ಲಿರೋರದ್ದು."

"ಅಂದ್ರೆ ಯಾರು? ಇದುವರೆಗೆ ಯಾರಿಗಾದರೂ ಕೊಟ್ಟಿದ್ದಕ್ಕೆ ಒಂದು ಉದಾಹರಣೆ ಕೊಡಿ."

ಲೋರ್ನಾಳಿಗೆ ಉದಾಹರಣೆಗೇನು ಬರ. ಹಗ್ಗದ ಸುರುಳಿ ಯಾರ ಅಂಗಳದಲ್ಲಿ ಬಿದ್ದಿತ್ತು ಎಂದು ಅವಳಿಗೆ ಗೊತ್ತು, ಕಾಫಿ ಕುಕ್ಕಿದ ಥರ್ಲೋನ ಮಗನಿಗೆ ಹಲ್ಲಿನ ಡಾಕ್ಟರ ಬಿಲ್ಲು ಯಾರು ಕಟ್ಟಿದರು ಎಂದೂ ಗೊತ್ತು. ಕಾರ್ವಿನ್ ಅವಳನ್ನೇ ನೋಡುತ್ತಿದ್ದ, ಹೇಳಿ ಎನ್ನುವಂತೆ ತಲೆಯಾಡಿಸುತ್ತಿದ್ದ. ಐಡೆಲ್ಲಾ ಕೂಡ ನೋಡುತ್ತಿದ್ದಳು. ಬೇಡ ಎಂದು ಅವಳ ಕಣ್ಣು ಹೇಳುತ್ತಿತ್ತು, ದೂರಿನ ಭಯದಿಂದಲ್ಲ.

"ನೀವು ಹೇಳದಿದ್ದರೆ ವಕೀಲರ ಮಾತನ್ನೇ ಒಪ್ಪಬೇಕಾಗುತ್ತೆ," ಎಂದಳು ಕನ್ನಡಕದ ಹೆಂಗಸು, ಒರಟಾಗೇನೂ ಅಲ್ಲ.

"ಹೋದ ಚಳಿಗಾಲದಲ್ಲಿ ನಮಗೇ ಬಂತು," ಎಂದಳು ಲೋರ್ನಾ. "ಫ್ರೀಡಾ ಆಸ್ಪತ್ರೇಲಿದ್ಲು. ವಾಪಸ್ ಬರೋ ಹೊತ್ತಿಗೆ ಮನೆ ಕಾಯಿಸೋ ಎಣ್ಣೆ ಟ್ಯಾಂಕು ತುಂಬಿತ್ತು. ಖಾಲಿಯಾಗಿ ವಾರ ಆಗಿತ್ತು ಅದು. ನಮ್ಮತ್ರ ದುಡ್ಡಿರಲಿಲ್ಲ. ನಾವು ಯಾರನ್ನೂ ಕೇಳಿರಲಿಲ್ಲ. ಐಡೆಲ್ಲಾ ಅತ್ತೆ ತುಂಬಿಸಿದ್ದು, ಊಟದ ದುಡ್ಡಲ್ಲಿ."

ಐಡೆಲ್ಲಾ ತಲೆ ತಗ್ಗಿಸಿದಳು. ಹಿಂದಿನ ಸಾಲಿನಲ್ಲಿ ಪಾಟರ್ಸ್ ಕೋವಿನಿಂದ ಬಂದವರಿದ್ದರು. ಅವರು ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. ಒಬ್ಬ ಮೀನುಗಾರ ಎದ್ದು ಹೊರಗೆ ಹೋಗಿಯೇಬಿಟ್ಟ. ಪೇಪರಿನ ಹುಡುಗಿ ಮಾತ್ರ ಸರಸರನೆ ಬರೆದುಕೊಳ್ಳುತ್ತಿದ್ದಳು.

ತೀರ್ಪು ಅವತ್ತೇ ಬಂತು. ಇಬ್ಬರ ಹೆಸರೂ ತೆಗೆಯಬೇಕು, ದುಡ್ಡು ಚರ್ಚಿನದೆಂದೇ ತೋರಿಸಬೇಕು, ಚರ್ಚು ದಂಡ ಕಟ್ಟಬೇಕು. ಕಾರ್ವಿನ್ ಅವಳ ಕೈ ಕುಲುಕಿದ. "ದೊಡ್ಡ ಕೆಲಸ ಮಾಡಿದ್ರಿ. ಮುಂದಿನ ಸಲಕ್ಕೆ ಇದು ಬುನಾದಿ," ಎಂದ. ಮುಂದಿನ ಸಲ ಎಂಬ ಮಾತು ಕೇಳಿ ಲೋರ್ನಾಳಿಗೆ ಅವನ ಮೇಲೆ ಸಿಟ್ಟು ಬಂತು. ಅವನ ಕೋಟಿನ ತೋಳು ಹರಿದಿದ್ದು ಕಂಡು ಆ ಸಿಟ್ಟೂ ಹೋಯಿತು.

ಪಾರ್ಕಿಂಗಿನಲ್ಲಿ ಐಡೆಲ್ಲಾ ಪಾದ್ರಿಯ ಕಾರಿನ ಪಕ್ಕ ಒಬ್ಬಳೇ ನಿಂತಿದ್ದಳು. ಲೋರ್ನಾ ಹತ್ತಿರ ಹೋದಳು.

"ಅತ್ತೆ..."

"ದೂರು ಕೊಟ್ಟಿದ್ದಕ್ಕೆ ನನಗೇನಿಲ್ಲ ಕಣೇ," ಎಂದಳು ಐಡೆಲ್ಲಾ. ಗಾಳಿಗೆ ಟೋಪಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದಳು. "ತಪ್ಪು ಮಾಡಿದ್ದೆ, ಬೈಸ್ಕೊಂಡೆ. ಹೆಸರು ನಿಮ್ಮದು, ವಾಪಸ್ ತಗೊಂಡ್ರಿ. ಸರಿ. ಆದ್ರೆ ಆ ಎಣ್ಣೆ ವಿಷಯ ಬಾಯಿಬಿಟ್ಟೆಯಲ್ಲ, ನಾಳೆ ಪೇಪರಲ್ಲಿ ಬರುತ್ತೆ. ಇನ್ಮೇಲೆ ನಮ್ಮೂರಲ್ಲಿ ಯಾರು ತಗೋತಾರೆ ಹೇಳು? ಕೊಡೋದು ಸುಲಭ. ತಗೊಳ್ಳೋರು ಬೇಕಲ್ಲ."

"ನನ್ನ ಬಾಯಿಂದ ಹೇಳಿಸಿದ್ದು ಯಾರು ಅತ್ತೆ?"

ಐಡೆಲ್ಲಾ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಳು. "ಅವಳು ಊಟ ಮಾಡ್ತಿದ್ದಾಳಾ?" ಎಂದಳು.

"ಸ್ವಲ್ಪ."

ಪಾದ್ರಿ ಬಂದು ಕಾರಿನ ಬಾಗಿಲು ತೆಗೆದ. ಅವಳು ಹತ್ತಿ ಕೂತಳು.

ಮನೆಗೆ ಬಂದಾಗ ಫ್ರೀಡಾ ಎದ್ದೇ ಇದ್ದಳು. "ತೆಗೆದ್ರಾ?" ಎಂದಳು.

"ತೆಗೆದ್ರು."

"ಇಬ್ಬರದ್ದೂ?"

"ಇಬ್ಬರದ್ದೂ."

ಫ್ರೀಡಾ ಕಣ್ಣು ಮುಚ್ಚಿಕೊಂಡಳು. ಮುಖದ ಮೇಲಿನ ಗಂಟು ಸಡಿಲವಾಯಿತು, ಬಹಳ ದಿನದ ಮೇಲೆ. ಕಣ್ಣು ತೆರೆಯದೆಯೇ ಹೇಳಿದಳು, "ಈಗ ಎಲ್ಲೂ ಇಲ್ಲ ನೋಡು ನಾವು, ಒಟ್ಟಿಗೆ."

ಲೋರ್ನಾ ಅವಳ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತ ಕೂತಳು.

* * *

ಚರ್ಚಿನ ದಂಡವನ್ನು ಊಟದ ಗಲ್ಲಾಪೆಟ್ಟಿಗೆಯಿಂದಲೇ ಕಟ್ಟಿದರಂತೆ. ಡಿಸೆಂಬರಿನಲ್ಲಿ ಒಬ್ಬನ ದೋಣಿ ಬಂಡೆಗೆ ಬಡಿದು ಹೋಯಿತು. ಐಡೆಲ್ಲಾ ತಾನೇ ಹೋಗಿ ಮಾತಾಡಿಸಿ ಬಂದಳಂತೆ. ನಮ್ಮ ಹೆಸರೂ ಪೇಪರಿಗೆ ಬರೋದು ಬೇಡಮ್ಮ ಎಂದು ಅವನ ಹೆಂಡತಿ ಬಾಗಿಲಲ್ಲೇ ಕೈ ಮುಗಿದಳಂತೆ. ಅಂತೆ ಎನ್ನುವುದೇಕೆಂದರೆ ಇವನ್ನೆಲ್ಲ ಲೋರ್ನಾಳಿಗೆ ಯಾರೂ ನೇರವಾಗಿ ಹೇಳಲಿಲ್ಲ. ಬಸ್ಸಿನಲ್ಲಿ ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದು ಅವಳ ಕಿವಿಗೆ ಬಿತ್ತು. ಚರ್ಚಿನ ಹಿತ್ತಲ ಗುಂಡಿಯನ್ನು ಕಲ್ಲು ತುಂಬಿ ಮುಚ್ಚಿದ್ದನ್ನು ಮಾತ್ರ ಅವಳೇ ರಸ್ತೆಯಿಂದ ನೋಡಿದಳು.

ಕ್ರಿಸ್‌ಮಸ್ಸಿಗೆ ವಾರವಿದೆ ಎನ್ನುವಾಗ ಒಂದು ಸಂಜೆ, ಇನ್ನೂ ನಾಲ್ಕೂವರೆ, ಆಗಲೇ ಕತ್ತಲು, ಹೊರಗೆ ಕಾರಿನ ಸದ್ದಾಯಿತು. ಲೋರ್ನಾ ಬಾಗಿಲು ತೆರೆಯುವ ಹೊತ್ತಿಗೆ ಹಿಂಬದಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾಗುತ್ತಿತ್ತು. ಮೆಟ್ಟಿಲ ಮೇಲೆ ಅವಳ ಕಬ್ಬಿಣದ ಹಂಡೆ ಇತ್ತು. ಸೆಪ್ಟೆಂಬರಿನಿಂದ ಅದು ಚರ್ಚಿನ ನೆಲಮಾಳಿಗೆಯಲ್ಲೇ ಉಳಿದಿತ್ತು, ಕೇಳಲು ಅವಳಿಗೆ ಮನಸ್ಸಾಗಿರಲಿಲ್ಲ. ಮುಚ್ಚಳಕ್ಕೆ ದಾರ ಕಟ್ಟಿತ್ತು. ಅತ್ತೆಯ ಗಂಟು ಎಂದು ನೋಡಿದ ಕೂಡಲೇ ಗೊತ್ತಾಯಿತು. ಮಸಿ ಒಂದು ಚೂರೂ ಇಲ್ಲದಂತೆ ಉಜ್ಜಿ, ತುಕ್ಕು ಹಿಡಿಯದಿರಲೆಂದು ಒಳಗೂ ಹೊರಗೂ ಎಣ್ಣೆ ಸವರಿದ್ದಳು. ಎಂಬತ್ತರ ಮುದುಕಿಗೆ ಅದು ಅರ್ಧ ದಿನದ ಕೆಲಸ.

ಲೋರ್ನಾ ಅಡಿಗೆಮನೆಗೆ ಹೊತ್ತು ತಂದು, ದಾರ ಬಿಚ್ಚಿ, ಮುಚ್ಚಳ ತೆಗೆದಳು. ಅತ್ತೆ ಯಾವ ಪಾತ್ರೆಯನ್ನೂ ಬರಿದೇ ಕಳಿಸುವವಳಲ್ಲವೆಂದು ಕೈ ಹಾಕಿ ತಳದವರೆಗೂ ನೋಡಿದಳು. ಏನೂ ಇರಲಿಲ್ಲ.

"ಯಾರು ಬಂದಿದ್ದು?" ಎಂದು ಒಳಕೋಣೆಯಿಂದ ಫ್ರೀಡಾ ಕೂಗಿದಳು. ಅವಳೀಗ ಹಾಸಿಗೆಯಿಂದ ಏಳುತ್ತಿರಲಿಲ್ಲ.

"ಅತ್ತೆ. ಹಂಡೆ ಕೊಟ್ಟು ಹೋದ್ಲು."

"ಏನಿಟ್ಟಿದ್ದಾಳೆ ಒಳಗೆ?"

ಲೋರ್ನಾ ಗೂಡಿನ ಕೆಳಗಿನಿಂದ ಕಾಳಿನ ಚೀಲ ಎಳೆದಳು. ಮುಂದಿನ ಊಟಕ್ಕೆಂದು ಫ್ರೀಡಾ ಬೇಸಿಗೆಯಲ್ಲೇ ಆರಿಸಿ ಕಟ್ಟಿಟ್ಟಿದ್ದ ಹಳದಿ ಚುಕ್ಕೆಯ ಬೀನ್ಸ್ ಕಾಳು. ಚೀಲದ ಬಾಯಿ ಬಿಚ್ಚಿ ಹಂಡೆಗೆ ಸುರಿದಳು. ಕಬ್ಬಿಣಕ್ಕೆ ಬಿದ್ದ ಕಾಳಿನ ಸದ್ದು ಪುಟ್ಟ ಮನೆಯನ್ನೆಲ್ಲ ತುಂಬಿತು, ಬಹಳ ಹೊತ್ತು, ಊರಿಗೆಲ್ಲ ಸಾಕಾಗುವಷ್ಟು. ಸದ್ದು ನಿಂತ ಮೇಲೆ ಅವಳು ಒಳಕೋಣೆಯಿಂದ ಬರುವ ಪ್ರಶ್ನೆಗಾಗಿ ಕಾದಳು.

"ನೀರು ಜಾಸ್ತಿನೇ ಹಾಕೇ," ಎಂದಿತು ಫ್ರೀಡಾಳ ದನಿ. "ಬೆಳಗಾಗೋ ಹೊತ್ತಿಗೆ ಉಬ್ಬುತ್ವೆ."

ಯಾರಿಗೆ ಎಂದು ಅವಳು ಕೇಳಲಿಲ್ಲ. ಲೋರ್ನಾ ನಲ್ಲಿ ತಿರುಗಿಸಿ ಬಕೆಟ್ಟು ಹಿಡಿದಳು.